ಹದಿನೇಳನೆಯ ಪುಟದಲ್ಲಿ ಮಾಯವಾದ ಎಚ್ಚರಿಕೆ

ಹದಿನೇಳನೆಯ ಪುಟದಲ್ಲಿ ಒಂದು ವಾಕ್ಯ ಇರಲಿಲ್ಲ. ಅದು ಗೊತ್ತಾದದ್ದು ಹೂಟಗಳ್ಳಿಯ ಕಾರ್ಖಾನೆಯೊಂದರಲ್ಲಿ ಬೀರೇಶ್ ಎಂಬ ಕೆಲಸಗಾರನ ಎರಡು ಬೆರಳು ಹೋದ ಮೇಲೆ.

ತಗಡು ಕತ್ತರಿಸುವ ಆ ಯಂತ್ರವನ್ನು ನಡೆಸುವುದು ಕಂಪ್ಯೂಟರು. ಯಂತ್ರ ಪೂರ್ತಿ ನಿಂತಾಗ ಪರದೆಯಲ್ಲಿ ‘.ಲಾಕ್’ ಎಂಬ ಫೈಲ್ ಕಾಣುತ್ತದೆ. ಅದು ಕಾಣುವವರೆಗೆ ಮುಚ್ಚಳ ಎತ್ತಬಾರದು. ಯಾದವಗಿರಿಯ ಅಮರೇಶರ ಕಚೇರಿ ಮಾಡಿಕೊಟ್ಟ ಕೈಪಿಡಿಯಲ್ಲಿ ಈ ಎಚ್ಚರಿಕೆಯೇ ಇಲ್ಲ. ಆದರೆ ಕೈಪಿಡಿ ಮುದ್ರಿಸಲು ಬಳಸಿದ, ಕಚೇರಿಯ ಕಂಪ್ಯೂಟರಿನ ಫೈಲಿನಲ್ಲಿ ಇದೆ.

“ಟೈಪ್ ಮಾಡಿದ್ದು ಹೇಮಶ್ರೀ. ಆಗ ಬಿಟ್ಟಿದಾಳೆ, ಸುದ್ದಿ ಬಂದ್ಮೇಲೆ ಸದ್ದಿಲ್ದೆ ಸೇರಿಸಿದಾಳೆ,” ಎಂದ ಯಂತ್ರಕ್ಕೆ ಪ್ರೋಗ್ರಾಂ ಬರೆದ ಮಹಾಂತೇಶ್.

ಅಮರೇಶ್ ಕರಡು ತಿದ್ದುವ ಸಿದ್ದಮಲ್ಲಪ್ಪನವರನ್ನು ಕರೆದರು. “ನೀವು ಹಿರೀಕರು, ನೀವೇ ವಿಚಾರಿಸಿ. ಅವಳೇ ಅಂತಾದ್ರೆ ಇವತ್ತೇ ಕಳಿಸ್ಬುಡ್ತೀನಿ. ಕಾರ್ಖಾನೆಯವ್ರಿಗೂ ಅವಳ ಹೆಸರೇ ಕೊಡ್ತೀನಿ.”

ಸಿದ್ದಮಲ್ಲಪ್ಪನವರಿಗೆ ಈ ಕೆಲಸ ಹಿಡಿಸಲಿಲ್ಲ. ಮೂವತ್ತು ವರ್ಷ ಅಚ್ಚಿನ ಮನೆಯಲ್ಲಿ ಸೀಸದ ಅಕ್ಷರದ ಮೊಳೆ ಜೋಡಿಸಿದವರು ಅವರು. ಕೆಲಸ ಬಲ್ಲವರನ್ನು ಕಂಡರೆ ಅವರಿಗೆ ಅಕ್ಕರೆ. ಹೇಮಶ್ರೀ ಕೆಲಸ ಬಲ್ಲವಳು.

ಹಳೆಯ ಕರಡನ್ನು ಬೀರುವಿನಿಂದ ತೆಗೆದರು. ಎಚ್ಚರಿಕೆ ಅಲ್ಲಿತ್ತು. ಪಕ್ಕದಲ್ಲಿ, ಓದಿ ನೋಡಿದ್ದಕ್ಕೆ ಅವರದೇ ಕೆಂಪು ಗುರುತು.

“ಫೈಲನ್ನ ಕೊನೆಗೆ ಮುಟ್ಟಿದ್ದು ಯಾವತ್ತಮ್ಮ?”

ಹೇಮಶ್ರೀ ತಾರೀಕು ತೋರಿಸಿದಳು. “ಜೂನ್ ಹದಿನಾಲ್ಕು, ತೊಂಬತ್ತಾರು. ಮಾರನೇ ದಿನ ಮುದ್ರಣ.”

“ಅಂದ್ರೆ ಆಮೇಲೆ ಯಾರೂ ಏನೂ ಸೇರಿಸಿಲ್ಲ. ಹದಿನಾಲ್ಕನೇ ತಾರೀಕು ನೀನು ಬಂದಿದ್ಯಾ?”

“ಇಲ್ಲ ಸಾರ್. ರಜೆ ಹಾಕಿದ್ದೆ.”

“ಮತ್ತೆ, ಫೈಲಿನಲ್ಲಿರೋದು ಕಾಗದಕ್ಕೆ ಯಾಕೆ ಬರಲಿಲ್ಲ?”

ಅವಳು ತಲೆ ತಗ್ಗಿಸಿದಳು. ತಲೆಯೆತ್ತದೆಯೇ ಹೇಳಿದಳು— “ಸಾಲಿನ ಮೊದಲಲ್ಲಿ ಚುಕ್ಕಿ ಬಂದ್ರೆ ಅದು ಕಂಪ್ಯೂಟರಿಗೆ ಆಜ್ಞೆ ಸಾರ್. ತಲೆಬರಹ ಹಾಕು, ಪ್ಯಾರಾ ಬಿಡು, ಅಂತ. ಆ ಸಾಲು ಅಚ್ಚಾಗಲ್ಲ. ಅರ್ಥವಾಗದ ಆಜ್ಞೆ ಆದ್ರೆ ಸುಮ್ಮನೆ ನುಂಗಿಬುಡುತ್ತೆ.”

ಇದು ಅವರಿಗೆ ಗೊತ್ತಿದ್ದದ್ದೇ. ಆದರೂ ಕನ್ನಡಕ ಸರಿಮಾಡಿಕೊಂಡು ಪರದೆಯತ್ತ ಬಗ್ಗಿದರು. ಎಚ್ಚರಿಕೆಯ ಸಾಲು ‘.ಲಾಕ್’ ಎಂದೇ ಶುರುವಾಗಿತ್ತು. ಮೇಲೆ ಕೆಳಗೆ ನೋಡಿದರು. ಸಾಲುಗಳೆಲ್ಲ ಒಂದೇ ಉದ್ದ. ಉಳಿದ ಪುಟಗಳಲ್ಲಿ ಹೇಮಶ್ರೀಯ ಸಾಲುಗಳು ಒಂದು ಗಿಡ್ಡ, ಒಂದು ಉದ್ದ. ಈ ಪುಟ ಮಾತ್ರ ಯಾರೋ ಕೂತು ಅಳೆದು ಮುರಿದಂತಿತ್ತು.

ಅವರು ಕರಡನ್ನು ಮಡಚಿಕೊಂಡು ಎದ್ದರು.

ಸಂಜೆ ಅಮರೇಶರ ಕೋಣೆಯಲ್ಲಿ ನಾಲ್ವರೂ ಸೇರಿದರು.

“ಎಲ್ಲರೂ ವಾಕ್ಯ ಇದ್ಯೋ ಇಲ್ವೋ ಅಂತ ನೋಡಿದ್ವಿ,” ಎಂದರು ಸಿದ್ದಮಲ್ಲಪ್ಪ. “ಸಾಲು ಎಲ್ಲಿ ಮುರಿದಿದೆ ಅಂತ ಯಾರೂ ನೋಡ್ಲಿಲ್ಲ. ಹೇಮಶ್ರೀ ಟೈಪ್ ಮಾಡಿದಾಗ ಈ ವಾಕ್ಯ ಸಾಲಿನ ನಡುವೆ ಇತ್ತು, ಕರಡಿನಲ್ಲಿ ಬಂತು. ಕೊನೇ ದಿನ ತಿದ್ದುಪಡಿ ಹಾಕೋಕೆ ಒಬ್ರು ಕೂತ್ರು. ಅಂಕುಡೊಂಕು ಸಾಲು ಅವರ ಕಣ್ಣಿಗೆ ಆಗಲ್ಲ. ಮೊಳೆ ಜೋಡಿಸೋರಿಗೆ ಸಾಲು ಸಮ ಇರ್ಲೇಬೇಕು. ಕಂಪ್ಯೂಟರು ತಾನೇ ಸಮ ಮಾಡ್ಕೊಳುತ್ತೆ ಅಂತ ಗೊತ್ತಿದ್ರೂ ಕೈ ಕೇಳ್ಲಿಲ್ಲ. ಮುರಿದ್ರು. ಚುಕ್ಕಿ ಸಾಲಿನ ಮೊದಲಿಗೆ ಬಂತು.”

“ಯಾರು?” ಎಂದರು ಅಮರೇಶ್.

“ನಾನೇ. ಆಮೇಲೆ ಪುಟಸಂಖ್ಯೆ ಮಾತ್ರ ನೋಡಿ ಮುದ್ರಣಕ್ಕೆ ಕಳಿಸ್ದೆ.”

ಮಹಾಂತೇಶ್ ಹೇಮಶ್ರೀಯ ಕಡೆ ತಿರುಗಿದ. “ನಿಂಗೆ ಗೊತ್ತಿತ್ತಾ? ಯಾಕೆ ಹೇಳ್ಲಿಲ್ಲ?”

“ಬೆಳಿಗ್ಗೆ ಸಾಲು ನೋಡ್ದಾಗ್ಲೇ ಗೊತ್ತಾಯ್ತು. ನಂಗೆ ಕೆಲಸ ಕಲಿಸಿದೋರು ಅವ್ರು. ಅವ್ರ ಮೇಲೆ ನಾನು ಹೆಂಗೆ ಹೇಳ್ಲಿ?”

ಬೈದಿದ್ದರೆ ಸಿದ್ದಮಲ್ಲಪ್ಪನವರು ತಡೆದುಕೊಳ್ಳುತ್ತಿದ್ದರು. ಈ ಮಾತಿಗೆ ಅವರ ಕಣ್ಣು ತುಂಬಿತು.

ಅಮರೇಶ್ ಎದ್ದು ಬಾಗಿಲು ಮುಚ್ಚಿದರು. “ಆದದ್ದಾಯ್ತು. ತಂತ್ರಾಂಶದ ದೋಷ ಅಂತ ಬರೆದು ಕಳಿಸೋಣ. ಕಾರ್ಖಾನೆಯವ್ರು ಒಪ್ಕೋತಾರೆ.”

“ಕಾರ್ಖಾನೆಯವ್ರು ಒಪ್ತಾರೆ ಕಣ್ರೀ,” ಎಂದು ಸಿದ್ದಮಲ್ಲಪ್ಪ ಎದ್ದರು. “ಆ ಹುಡುಗ ಬೀರೇಶ್ ಮಾತ್ರ ಮುಚ್ಚಳ ಎತ್ತಿದ್ದು ತನ್ನದೇ ತಪ್ಪು ಅಂದ್ಕೊಂಡು ಆಸ್ಪತ್ರೆಯಲ್ಲಿ ಮಲಗಿದಾನೆ. ಅವನಿಗೆ ನಾನೇ ಹೇಳ್ಬೇಕು.”