ಪರದೆ ನಂಬರ್ ನಲವತ್ತೊಂದು

ರಂಭಾಬಾಯಿಯ ಬಳಿ ಗಂಡನ ಮರಣದ ದಾಖಲೆ ಇರಲಿಲ್ಲ. ಹೆಣ ಸಿಗದೆ ದಾಖಲೆ ಕೊಡಲು ಬರುವುದಿಲ್ಲ ಎಂದು ಅವಳ ಊರಿನ ಕಚೇರಿಯವರು ಹೇಳಿ ಕಳಿಸಿದ್ದರು. ಅವಳ ಬಳಿ ಇದ್ದದ್ದು ಹಳೆಯ ಸೀರೆಯಲ್ಲಿ ಸುತ್ತಿದ ಒಂದು ಅಲ್ಯೂಮಿನಿಯಂ ಪೆಟ್ಟಿಗೆ. ೨೦೧೬ರ ಜುಲೈ ೨೮ರ ಬೆಳಿಗ್ಗೆ ಹತ್ತೂಕಾಲಿಗೆ ಅದನ್ನು ಮಹಾರಾಷ್ಟ್ರದ ಒಳನಾಡಿನ ಗಡಿ ಊರು ಉದಗೀರಿನ ಪೊಲೀಸ್ ಠಾಣೆಯ ಮೇಜಿನ ಮೇಲಿಟ್ಟು, ಯಾರೂ ಹೇಳುವ ಮೊದಲೇ ಕುರ್ಚಿ ಎಳೆದುಕೊಂಡು ಕೂತಳು.

ಇನ್‌ಸ್ಪೆಕ್ಟರ್ ಉಮಾಕಾಂತ ಬಿರಾದಾರ ಸೀರೆ ಬಿಚ್ಚಿ ನೋಡಿದ. ಹೆಬ್ಬೆರಳಿನಷ್ಟು ದಪ್ಪ ಗಾಜು, ಸುತ್ತ ರಬ್ಬರಿನ ಪಟ್ಟಿ. ದೋಣಿ ನಡೆಸುವವನಿಗೆ ದಾರಿ, ಆಳ, ಬಂಡೆ ತೋರಿಸುವ ಪರದೆ. ಹಿಂಬದಿಯ ತಗಡಿನ ಮೇಲೆ ಉದಗೀರಿನ ಒಂದು ಕಾರ್ಖಾನೆಯ ವಿಳಾಸವಿತ್ತು. ನಂಬರ್ ೪೧.

ರಂಭಾಬಾಯಿ ಕೊಂಕಣ ಕರಾವಳಿಯ ಕೋಳಿ ಎಂಬ ಮೀನುಗಾರ ಜಾತಿಯ ಹೆಂಗಸು. ಮರಾಠಿಯಲ್ಲಿ, ಬಾಜಾರದ ಸುದ್ದಿ ಹೇಳಿದ ಹಾಗೆ ಹೇಳಿದಳು. ಮೇ ತಿಂಗಳಲ್ಲಿ ಅಕಾಲದ ಮಳೆ. ರಾತ್ರಿ ಗಂಡನ ದೋಣಿ ದಡಕ್ಕೆ ಮರಳುತ್ತಿತ್ತು. ಪರದೆಯ ಗಾಜಿನ ಒಳಗೆ ಮೊದಲು ಹಬೆ ಕೂತಿತು, ಆಮೇಲೆ ಕತ್ತಲಾಯಿತು. ದೋಣಿ ಬಂಡೆಗೆ ಹೊಡೆಯಿತು. ಬದುಕಿ ಬಂದ ಒಬ್ಬ ಕೆಲಸಗಾರ ಇಷ್ಟನ್ನು ಹೇಳಿದ. ಸಮುದ್ರದ ನೀರು ಇಳಿದಾಗ ಅವಳೇ ಹೋಗಿ ಒಡೆದ ದೋಣಿಯಿಂದ ಪೆಟ್ಟಿಗೆಯನ್ನು ಬಿಚ್ಚಿ ತಂದಿದ್ದಳು.

ಅವಳು ಬಂದದ್ದು ಹೋದವರಿಗಾಗಿ ಅಲ್ಲ. ಕಿರಿಯ ಮಗ ಬೇರೊಬ್ಬರ ದೋಣಿಯಲ್ಲಿ ಕೆಲಸಕ್ಕಿದ್ದ. ಆ ದೋಣಿಗೂ ಇದೇ ಕಾರ್ಖಾನೆಯ ಪರದೆ, ನಂಬರ್ ೩೮. ಮಳೆಗಾಲದ ನಿರ್ಬಂಧ ಮುಗಿದು ಆಗಸ್ಟ್ ಒಂದಕ್ಕೆ ದೋಣಿಗಳು ಸಮುದ್ರಕ್ಕೆ ಇಳಿಯುತ್ತವೆ. ಪರದೆ ಕೆಟ್ಟದ್ದೆಂದು ಕಾಗದ ತಾ, ತೆಗೆಯುತ್ತೇನೆ, ವಿಧವೆಯ ಮಾತಿಗೆ ತೆಗೆಯಲಾರೆ ಎಂದಿದ್ದ ದೋಣಿಯ ಮಾಲೀಕ. ಮಗನೂ ಅವನ ಮಾತನ್ನೇ ಆಡುತ್ತಿದ್ದ.

ಬಿರಾದಾರ ೩೦೪-ಅ ಕಲಮಿನಡಿ ಎಫ್‌ಐಆರ್ ದಾಖಲಿಸಿದ. ನಿರ್ಲಕ್ಷ್ಯದಿಂದ ಸಾವು, ಆರೋಪಿ ಅಜ್ಞಾತ.

ಹೆಡ್ ಕಾನ್‌ಸ್ಟೆಬಲ್ ರಾಚಯ್ಯ ಪೆಟ್ಟಿಗೆಗೆ ಮೊಹರು ಹಾಕುತ್ತ ಕನ್ನಡದಲ್ಲಿ ಗೊಣಗಿದ: "ಬ್ಯಾಸಗ್ಯಾಗ ಈ ಊರಾಗ ಕುಂಡಿ ತೊಳೀಲಕ್ ನೀರ ಇದ್ದಿಲ್ಲ. ಇಲ್ಲಿ ಕುಂತ ಸಮುದ್ರದ ಸಾಮಾನ ಮಾಡ್ತಾರಂತ."

"ಮೊಹರು ಸರಿ ಹಾಕು," ಎಂದ ಬಿರಾದಾರ.

ಕಾರ್ಖಾನೆ ಎಂದರೆ ನಿಲಂಗಾ ರಸ್ತೆಯ ಒಂದು ಗೋದಾಮು. ೧೯೯೩ರ ಭೂಕಂಪದ ವರ್ಷ ಪರಿಹಾರದ ತಗಡು ಇಡಲು ಕಟ್ಟಿದ್ದು. ಮಾಲೀಕ ಭರತ ಪುಣೆಯಲ್ಲಿ ಕಲಿತು ಬಂದವನು. ಒಳಗೆ ಹನ್ನೊಂದು ಹೆಂಗಸರು ಸಾಲಾಗಿ ಕೂತು ಗಾಜು, ರಬ್ಬರು, ಸ್ಕ್ರೂ ಜೋಡಿಸುತ್ತಿದ್ದರು. ಮೂಲೆಯಲ್ಲಿ ಆಳೆತ್ತರದ ಸಿಮೆಂಟಿನ ತೊಟ್ಟಿ.

"ಒಂದೊಂದ ಪರದೆನೂ ಚಾಲೂ ಇಟ್ಟು ಅರ್ಧ ತಾಸ ಮುಳುಗಸ್ತೀವ್ರಿ," ಎಂದ ಭರತ. "ಪಾಸ್ ಆಗದೆ ಒಂದೂ ಹೊರಗ ಹೋಗಂಗಿಲ್ಲ."

"ತೋರಸ್ರಿ."

ತೋರಿಸಿದ. ತೊಟ್ಟಿಯ ತಳದಲ್ಲಿ ಪರದೆ ನೀಲಿಯಾಗಿ ಉರಿಯುತ್ತಿತ್ತು. ಒಂದು ಗುಳ್ಳೆಯೂ ಮೇಲೆ ಬರಲಿಲ್ಲ.

"ನಲವತ್ತೊಂದು ಹಂಗ್ಯಾಕ ಕೆಟ್ಟಿತು?"

"ದೋಣಿ ಬಂಡಿಗಿ ಬಡದದ. ಬಡದ ಮ್ಯಾಲ ನೀರ ಹೋಗೇದ. ಅದಕ್ಕ ನಾ ಏನ್ ಮಾಡ್ಲಿ?"

ಮಾರಾಟವಾಗದ ಎಂಟು ಪರದೆಗಳು ಕಪಾಟಿನಲ್ಲಿದ್ದವು. ಪಂಚನಾಮೆಗೆ ಅವನ್ನೂ ಇಳಿಸಲು ಹೇಳಿ ಬಿರಾದಾರ ಒಂದೊಂದನ್ನೇ ತಿರುಗಿಸಿ ನೋಡಿದ. ೩೩ರಿಂದ ೩೬ರವರೆಗಿನವುಗಳ ಸ್ಕ್ರೂ ಕುಳಿಗಳಲ್ಲಿ ಬಿಳಿ ಪುಡಿ ಕೂತಿತ್ತು. ಉದಗೀರಿನ ಬೋರಿನ ನೀರು ಒಣಗಿದಲ್ಲೆಲ್ಲ ಸುಣ್ಣ ಬಿಡುತ್ತದೆ. ಅವನ ಮನೆಯ ಬಚ್ಚಲ ಹಂಡೆಗೂ ಅದೇ ಪದರ. ೪೯ರಿಂದ ೫೨ರವರೆಗಿನವುಗಳ ಕುಳಿಗಳು ಕರ್ರಗೆ, ಸ್ವಚ್ಛವಾಗಿದ್ದವು. ಉಗುರಿನಿಂದ ಕೆರೆದ. ಏನೂ ಬರಲಿಲ್ಲ.

"ಇವು ಮುಳುಗ್ಯಾವ?"

"ಒರಸಿರ್ತಾರ್ರಿ," ಎಂದ ಭರತ.

ಪರೀಕ್ಷೆಯ ಹೊಣೆ ಜಯಮಾಲಾಳದು. ಮೂವತ್ತರ ಆಚೀಚಿನ ಹೆಂಗಸು, ಭಾಲ್ಕಿ ಕಡೆಯಿಂದ ಮದುವೆಯಾಗಿ ಬಂದವಳು. ಗಂಡ ತೀರಿ ಆರು ವರ್ಷ.

"ಎಲ್ಲಾ ನೀನೇ ಮುಳುಗಸೀದಿ?"

"ಹೌದ್ರಿ."

"ಏಪ್ರಿಲ್, ಮೇದಾಗೂ?"

"ಹೌದ್ರಿ."

"ನೀರ ಎಲ್ಲಿಂದು?"

"ಟ್ಯಾಂಕರ್ ಬರ್ತಿತ್ರಿ."

ಟ್ಯಾಂಕರಿನ ವೈಜಿನಾಥನನ್ನು ಕರೆಸಿದರು. ಹತ್ತು ದಿನಕ್ಕೊಂದು ಸಲ ಆ ತೊಟ್ಟಿಗೆ ನೀರು ಸುರಿದದ್ದು ನಿಜ ಎಂದ. ಅಲ್ಲಿಗೆ ದಾರಿ ಕಟ್ಟಾಯಿತು.

ಮರುದಿನ ಬಿರಾದಾರ ರಂಭಾಬಾಯಿಯ ಊರಿನ ಬಂದರಿನ ಅಧಿಕಾರಿಗೆ ಫೋನ್ ಮಾಡಿದ. ಆತ ಒರಟನಲ್ಲ. ಆದರೆ ಸ್ಕ್ರೂ ಕುಳಿಯಲ್ಲಿ ಪುಡಿ ಇಲ್ಲವೆಂದು ಹಂಗಾಮಿನ ಮೊದಲ ದಿನ ದೋಣಿ ತಡೆದರೆ ತನ್ನ ಕಚೇರಿಗೇ ಬೆಂಕಿ ಬೀಳುತ್ತದೆ ಎಂದ. ಕಾರ್ಖಾನೆಯವರ ಅಥವಾ ಪರೀಕ್ಷೆ ಮಾಡಿದವರ ಸಹಿಯ ಹೇಳಿಕೆ ಬೇಕು.

ಭರತ ಹೇಳಿಕೆ ಕೊಡಲಿಲ್ಲ. ವಕೀಲನ ನಂಬರ್ ಕೊಟ್ಟ.

ರಂಭಾಬಾಯಿ ಎರಡು ದಿನದಿಂದ ಠಾಣೆಯ ಜಗಲಿಯಲ್ಲೇ ಇದ್ದಳು. ಹೋಗಿ ಬರುವವರನ್ನೆಲ್ಲ, ಇವತ್ತು ಎಷ್ಟನೇ ತಾರೀಖು ಎಂದು ಕೇಳುತ್ತಿದ್ದಳು. ತಿಳಿಯದೆ ಅಲ್ಲ. ಎಲ್ಲರಿಗೂ ನೆನಪಿರಲಿ ಎಂದು.

ಮೂವತ್ತರ ಮಧ್ಯಾಹ್ನ ರಾಚಯ್ಯ ಬರೆದುಕೊಂಡಿದ್ದ ಜಬಾಬುಗಳನ್ನು ಗಟ್ಟಿಯಾಗಿ ಓದುತ್ತಿದ್ದ. ಜಯಮಾಲಾಳ ಓಣಿಯ ಹೆಸರು ಬಂದಾಗ ಕಾನ್‌ಸ್ಟೆಬಲ್ ಕಾಜಲ ತಲೆಯೆತ್ತಿದಳು.

"ಸರ, ಬ್ಯಾಸಗ್ಯಾಗ ನೀರಿನ ಪಾಳಿಗೆ ನಾ ಬಂದೋಬಸ್ತಿಗಿ ಇದ್ದೆ. ಇಡೀ ಊರಿನ ಹೆಂಗಸ್ರು ಕೊಡದ್ಲೇ ಬಡದಾಡ್ಯಾರ. ನನಗೂ ಎರಡ ಬಿದ್ದಾವ."

"ಅದಕ್ಕ?"

"ಆ ಓಣ್ಯಾಕಿ ಒಬ್ಬಾಕೀನೂ ಜಗಳಕ್ಕ ಬಂದಿಲ್ಲ."

"ಶಾಣ್ಯಾ ಮಂದಿ ಇರ್ಬೇಕು," ಎಂದ ರಾಚಯ್ಯ.

"ನೀರ ಇಲ್ದಾಗ ಯಾರ ಶಾಣ್ಯಾ ಇರ್ತಾರ್ರಿ ಅಯ್ಯನೋರ?"

ಬಿರಾದಾರ ಎದ್ದು ಟೋಪಿ ತೆಗೆದುಕೊಂಡ.

ಓಣಿಯ ಮೊದಲ ಮನೆಯ ಅಂಬುಬಾಯಿ ಕಟ್ಟೆಯ ಮೇಲೆ ಕೂತು ಬೇಳೆ ಆರಿಸುತ್ತಿದ್ದಳು. ಹಲ್ಲಿಲ್ಲದ ಮುದುಕಿ. ಪೊಲೀಸರಿಗೆ ಹೆದರುವ ವಯಸ್ಸು ದಾಟಿತ್ತು. ಕಾಜಲ ಪಕ್ಕದಲ್ಲಿ ಕೂತು ತಾನೂ ಮೊರಕ್ಕೆ ಕೈ ಹಾಕಿದಳು.

"ಬ್ಯಾಸಗಿ ಹೆಂಗ ಕಳದೀಬೇ ಆಯಿ?"

"ಜಯಮಾಲಾ ಇದ್ಳಲ್ಲವ್ವ. ಇಲ್ಲಿ ಹನ್ನೊಂದ ಮನಿದಾಕೇರೂ ಆ ಕಾರ್ಖಾನಿಗೇ ಹೋಗ್ತಾರ. ಸಂಜಿಕ ಬರೂವಾಗ ತಲಾ ಎರಡ ಕ್ಯಾನ್."

"ಪರದೆ ಮುಳುಗಸೂ ಟಾಕಿ ನೀರೇನು?"

"ಹೂಂ. ಮೊದಲನೇ ಸಲದ ನೀರ ಬಾಳ ಹೊಲಸ ಇತ್ತು. ಚಾ ಮಾಡಿದ್ರ ಟಾಯರ್ ಕುದಿಸಿ ಕುಡದಂಗ. ನಮ್ಮ ಮುದುಕ ಅಂದಾ, ಇನ್ನ ಗಾಳಿ ಹೊಡಸ್ಕೋಬೇಕ ಅಷ್ಟೇ ಅಂತ." ಮುದುಕಿ ನಕ್ಕು ಕೆಮ್ಮಿದಳು. "ಮೊಮ್ಮಗಳು ಎರಡ ದಿನ ವಾಂತಿ ಮಾಡ್ಕೊಂಡ್ಳು. ನಾ ಜಯಮಾಲಾಗ ಹೋಗಿ ಬೈದೆ. ಆಮ್ಯಾಲ ಏನ್ ಮಾಡಿದ್ಳೋ, ಚಲೋ ನೀರ ಬಂತ ನೋಡು. ತಳಾ ಕಾಣೂ ಹಂಗ."

ಕಾಜಲಳ ಕೈ ಮೊರದಲ್ಲೇ ನಿಂತಿತು. ಬಾಗಿಲ ಬಳಿ ನಿಂತಿದ್ದ ಬಿರಾದಾರನಿಗೂ ತಿಳಿಯಿತು. ಪರದೆ ಮುಳುಗಿದ ನೀರಿಗೆ ರಬ್ಬರು, ಎಣ್ಣೆ ಇಳಿಯುತ್ತದೆ. ನೀರು ತಿಳಿಯಾಯಿತು ಎಂದರೆ ಅದರಲ್ಲಿ ಪರದೆ ಮುಳುಗಲಿಲ್ಲ.

ಸಂಜೆ ಐದಕ್ಕೆ ಜಯಮಾಲಾಳ ಮನೆಯಲ್ಲೇ, ಕಾಜಲಳ ಎದುರಿನಲ್ಲಿ ವಿಚಾರಣೆ ನಡೆಯಿತು. ಜಯಮಾಲಾ ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದಳು.

"ಎಷ್ಟನೇ ನಂಬರಿನಿಂದ ಮುಳುಗಿಸೋದ ಬಿಟ್ಟಿ?" ಎಂದ ಬಿರಾದಾರ.

ಅವಳು ಕಾಜಲಳ ಕಡೆ ನೋಡಿದಳು.

"ನಾಡದ ಮುಂಜಾನಿ ದೋಣಿ ಹೋಗ್ತಾವ. ಮೂವತ್ತೆಂಟನೇ ಪರದೆ ಇದ್ದ ದೋಣ್ಯಾಗ ಒಬ್ಬಾಕಿ ಮಗ ಅದಾನ. ಆಕಿ ಠಾಣಾದಾಗ ಕುಂತಾಳ."

"ಗಂಡ ಹೋದಾಕಿ?"

"ಆಕೀನೇ."

"ಆಕೀದು ಯಾವ ನಂಬರ್ರಿ?"

"ನಲವತ್ತೊಂದು."

ಜಯಮಾಲಾ ಕೆಳಗೆ ಕೂತಳು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. ರಾಚಯ್ಯ ಪೆನ್ನಿನ ಮುಚ್ಚಳ ತೆಗೆದು ಕಾದ.

"ಮೂವತ್ತೇಳರಿಂದ ಐವತ್ತೆರಡರ ತನ," ಎಂದಳು. "ಒಂದೂ ನೀರ ಕಂಡಿಲ್ರಿ."

"ರೊಕ್ಕ ತಗೊಂಡಿ?"

"ಇಲ್ರಿ."

"ಮಾಲಕರಿಗಿ ಗೊತ್ತಿತ್ತಾ?"

"ಟಾಕಿ ಒಣಗಿದ್ದು ಅವರೂ ನೋಡ್ಯಾರ. ಮಾಲ ಲಗೂ ಕಳಸ್ರಿ ಅಂದ್ರು, ಅಷ್ಟೇ."

"ಮಂದಿ ಸಾಯ್ತಾರಂತ ತಿಳೀಲಿಲ್ಲೇನು?"

ಅವಳು ಯೋಚಿಸಿಯೇ ಉತ್ತರಿಸಿದಳು. "ನಾ ಸಮುದ್ರ ನೋಡಿಲ್ರಿ. ಟೀವಿ ಇದ್ದಂಗ ಅಂತ ತಿಳದಿದ್ದೆ. ಕೆಟ್ರ ವಾಪಸ್ ಬರ್ತದ, ರಿಪೇರಿ ಮಾಡಿದ್ರಾತು ಅಂತ. ಅಂಬುಬಾಯಿ ಮೊಮ್ಮಗಳು ವಾಂತಿ ಮಾಡ್ಕೊಂಡಿದ್ದು ಮಾತ್ರ ಕಣ್ಣಿಲೆ ನೋಡಿದ್ದೆ."

ಹೇಳಿಕೆಗೆ ಸಹಿಯಾಯಿತು. ಅದರ ಫೋಟೊ ಆರೂವರೆಗೆ ಬಂದರಿಗೆ ಹೋಯಿತು.

ಮೂವತ್ತೊಂದರ ಭಾನುವಾರ ಸೂರ್ಯ ಹುಟ್ಟಿದ ಮೇಲೆ ಕಾಜಲ ಜಯಮಾಲಾಳನ್ನು ಬಂಧಿಸಿದಳು. ಓಣಿಯ ಬಾಗಿಲುಗಳಲ್ಲಿ ಹೆಂಗಸರು ನಿಂತಿದ್ದರು. ಭರತ ಸಿಗಲಿಲ್ಲ. ನಿರೀಕ್ಷಣಾ ಜಾಮೀನಿಗೆಂದು ಹಿಂದಿನ ಸಂಜೆಯೇ ಲಾತೂರಿಗೆ ಹೋಗಿದ್ದ.

ಜೀಪಿನಲ್ಲಿ ಕಾಜಲ ಕೇಳಿದಳು: "ಹನ್ನೊಂದೂ ಮನಿಗಿ ನೀರ ಯಾಕ ಕೊಟ್ಟಿ? ನಿನ್ನ ಮನಿಗಿ ಎರಡ ಕ್ಯಾನ್ ಸಾಕಾಗಿತ್ತು. ಪರದೆನೂ ಮುಳುಗ್ತಿದ್ವು."

"ಗಂಡ ಸತ್ತ ಮ್ಯಾಲ ಆ ಓಣ್ಯಾಗ ನನಗ ಒಂದ್ ಕುಂಕುಮಕ್ಕ ಕರದಿಲ್ಲರಿ," ಎಂದಳು ಜಯಮಾಲಾ. "ನೀರ ತಂದ ಮ್ಯಾಲ ದಿನಾ ಯಾರರ ಬಾಗಲಿಗಿ ಬಂದ ಹೆಸರ ಹಿಡದ ಕರೀತಿದ್ರು."

ಕಾಜಲ ಅದನ್ನು ಜಬಾಬಿನಲ್ಲಿ ಸೇರಿಸಬೇಕೇ ಎಂದು ಕೇಳಿದಾಗ ಬಿರಾದಾರ, ಕಲಮಿಗೆ ಅದು ಬೇಡ ಎಂದ.

ಸಂಜೆ ನಾಲ್ಕಕ್ಕೆ ಬಂದರಿನಿಂದ ಫೋನ್ ಬಂತು. ದೋಣಿಗಳಲ್ಲಿದ್ದ ಹನ್ನೊಂದು ಪರದೆಗಳನ್ನೂ ಬಿಚ್ಚಿಸಿದ್ದರು. ೩೮ರ ಗಾಜಿನ ಒಳಮೂಲೆಯಲ್ಲಿ ಆಗಲೇ ಹಬೆ ಕೂತಿತ್ತು. ಬಿರಾದಾರ ಹೊರಗೆ ಬಂದು ಹೇಳಿದ. ರಂಭಾಬಾಯಿ ತಲೆಯಾಡಿಸಿ, ಬರಿಗೈಯಲ್ಲಿ ಬಸ್ ನಿಲ್ದಾಣದ ಕಡೆಗೆ ನಡೆದಳು.

ರಾಚಯ್ಯ ಪ್ರಕರಣದ ಅಂಕಣಗಳನ್ನು ತುಂಬಿಸಿದ. ನಷ್ಟ: ದೋಣಿ ಒಂದು. ಸತ್ತವರು ಐದು, ಅವರಲ್ಲಿ ಫಿರ್ಯಾದಿಯ ಗಂಡ ಮತ್ತು ಹಿರಿಯ ಮಗ. ಸಿಕ್ಕ ಹೆಣಗಳು ಮೂರು.