ಟಿಕ್ ಬೀಳದ ಸಾಲು

ಬೆಳಿಗ್ಗೆ ಹತ್ತು ನಲವತ್ತಕ್ಕೆ ಠಾಣೆಗೆ ಬಂದ ದೂರು ಇಷ್ಟು: ಆರು ವರ್ಷ ಕೂತು ಬರೆದ ಪಿಎಚ್‌ಡಿ ಪ್ರಬಂಧದ ಫೈಲು ಕಾಣೆಯಾಗಿದೆ. ಅದನ್ನು ಇವತ್ತೇ ಸಂಜೆ ಐದರೊಳಗೆ ವಿಶ್ವವಿದ್ಯಾಲಯಕ್ಕೆ ಸಲ್ಲಿಸಬೇಕು.

ದೂರು ತಂದವಳು ಮೂವತ್ತೈದರ ಆಸುಪಾಸಿನ ಸಂಶೋಧಕಿ. ಅವಳ ಹಿಂದೆಯೇ, ಯಾರೂ ಕರೆಯದಿದ್ದರೂ, ಅಂಗಡಿಯವನೂ ಬಂದು ನಿಂತಿದ್ದ. ವಿಶ್ವವಿದ್ಯಾಲಯದ ಗೇಟಿನ ಎದುರು ಇಪ್ಪತ್ತೆರಡು ವರ್ಷದಿಂದ ಟೈಪಿಂಗ್, ಪ್ರಿಂಟಿಂಗ್ ಅಂಗಡಿ ನಡೆಸುತ್ತಿದ್ದ ಅವನನ್ನು ಓದುವವರೆಲ್ಲ ಪಿಡಿಎಫ್ ಮಾಮ ಎಂದೇ ಕರೆಯುತ್ತಿದ್ದರು.

ದಫೇದಾರ ಎಫ್‌ಐಆರ್ ಪುಸ್ತಕ ಎಳೆದುಕೊಂಡು ಇನ್‌ಸ್ಪೆಕ್ಟರ್ ಕಡೆ ನೋಡಿದ. "ಎಮ್ಮೆ ಕಳೆದ್ರೆ ಬಣ್ಣ, ಕೊಂಬು ಬರೀಬಹುದು. ಫೈಲಿಗೆ ಏನು ಬರೆಯೋದು ಸಾರ್?"

"ಮುನ್ನೂರ ಹನ್ನೆರಡು ಪುಟ," ಎಂದಳು ಸಂಶೋಧಕಿ. ಅವಳ ಕಣ್ಣು ಗೋಡೆ ಗಡಿಯಾರದ ಮೇಲಿತ್ತು.

ಇನ್‌ಸ್ಪೆಕ್ಟರ್ ಕೇಳಿದ. "ಇನ್ನೊಂದು ಕಾಪಿ ಇಲ್ವಾ?"

"ಎರಡು ತಿಂಗಳ ಹಿಂದೆ ಲ್ಯಾಪ್‌ಟಾಪ್ ಕೈಕೊಡ್ತು. ಅವತ್ತಿಂದ ಮಾಮನ ಅಂಗಡೀಲೇ ಕೂತು ತಿದ್ದುತಾ ಇದ್ದೆ. ಪೆನ್‌ಡ್ರೈವ್ ಅಲ್ಲೇ ಇತ್ತು, ಅದೂ ಕಾಣ್ತಿಲ್ಲ. ಮೇಲ್‌ನಲ್ಲಿ ಒಂದಿತ್ತು, ಅದನ್ನೂ ಅಂಗಡಿ ಕಂಪ್ಯೂಟರಲ್ಲೇ ತೆರೆದಿಟ್ಟಿರ್ತಿದ್ದೆ. ಅದೂ ಅಳಿಸಿಹೋಗಿದೆ."

"ಪ್ರಿಂಟ್?"

"ಗೈಡ್ ಹತ್ರ ಒಂದಿದೆ. ಆದ್ರೆ ಸ್ಕ್ಯಾನ್ ಮಾಡಿದ್ದನ್ನ ಯೂನಿವರ್ಸಿಟಿ ತಗೊಳ್ಳಲ್ಲ ಸಾರ್. ಪ್ರತಿ ಅಧ್ಯಾಯಕ್ಕೂ, ಪ್ರತಿ ಹೆಡ್ಡಿಂಗಿಗೂ ಬುಕ್‌ಮಾರ್ಕ್ ಇರಬೇಕು. ಪಕ್ಕದಲ್ಲಿ ಪಟ್ಟಿ ಕಾಣುತ್ತೆ, ಅದರ ಮೇಲೆ ಒತ್ತಿದ್ರೆ ಸೀದಾ ಆ ಪುಟಕ್ಕೆ ಹೋಗುತ್ತೆ. ಅದಿಲ್ಲದಿದ್ರೆ ವಾಪಸ್ಸು."

"ಐದು ಗಂಟೆ ದಾಟಿದ್ರೆ?"

"ಎರಡು ಸಲ ಗಡುವು ಮುಂದಕ್ಕೆ ಹಾಕಿಸಿದ್ದೀನಿ. ಇನ್ನು ನೋಂದಣಿನೇ ರದ್ದು."

"ವೈರಸ್ ಸಾರ್," ಎಂದ ಪಿಡಿಎಫ್ ಮಾಮ. ಅವನನ್ನು ಇನ್ನೂ ಯಾರೂ ಏನೂ ಕೇಳಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರನ್ನು ಇನ್‌ಸ್ಪೆಕ್ಟರ್ ತನ್ನ ಸೇವಾವಧಿಯಲ್ಲಿ ಸಾಕಷ್ಟು ನೋಡಿದ್ದ. ಆದರೆ ಈ ಮನುಷ್ಯನ ಮುಖದಲ್ಲಿ ಭಯಕ್ಕಿಂತ ಹೆಚ್ಚಾಗಿ ಆಯಾಸವಿತ್ತು.

ಹನ್ನೊಂದೂವರೆಗೆ ಸ್ಥಳ ಪರಿಶೀಲನೆ. ಮೂರು ಕಂಪ್ಯೂಟರ್, ಒಂದು ಬೈಂಡಿಂಗ್ ಯಂತ್ರ, ಬಿಸಿ ಶಾಯಿಯ ವಾಸನೆ. ಬಾಗಿಲಿನ ಬೀಗ ಸರಿಯಾಗಿತ್ತು. ದಫೇದಾರನ ಮಗಳು ಕಂಪ್ಯೂಟರ್ ಓದಿದವಳು. ಅವಳ ದೆಸೆಯಿಂದ ಅವನಿಗೂ ನಾಲ್ಕಕ್ಷರ ಬರುತ್ತಿತ್ತು. ಅವನು ಫೋಲ್ಡರು ತೆರೆದ. ಒಳಗೆ ಬೇರೆಯವರ ನಲವತ್ತೊಂದು ಪ್ರಬಂಧಗಳು, ಒಂದಕ್ಕೂ ಕೂದಲು ಕೊಂಕಿರಲಿಲ್ಲ.

"ಈ ವೈರಸ್ಸು ಬಹಳ ಓದಿಕೊಂಡಿದೆ ಸಾರ್. ಇಷ್ಟರಲ್ಲಿ ಒಂದನ್ನೇ ಆರಿಸಿ ತಿಂದಿದೆ," ಎಂದ ದಫೇದಾರ. ಅಳಿಸಿದ ಫೈಲು ಹೋಗಿ ಬೀಳುವ ಬುಟ್ಟಿಯನ್ನೂ ನೋಡಿದ. ಅದು ಖಾಲಿ. "ತಿಂದು ಬಾಯಿ ಒರೆಸಿಕೊಂಡೂ ಹೋಗಿದೆ."

ಮೇಜಿನ ಮೇಲೆ ಉದ್ದನೆಯ ನೋಟ್‌ಬುಕ್ಕೊಂದಿತ್ತು. ಇನ್‌ಸ್ಪೆಕ್ಟರ್ ಅದನ್ನು ತಿರುವಿದ.

"ಇದೇನು?"

"ನನ್ನ ಅಭ್ಯಾಸ ಸಾರ್. ಎಲ್ಲಾ ಹೆಡ್ಡಿಂಗೂ ಮೊದಲು ಕೈಯಲ್ಲಿ ಬರ್ಕೋತೀನಿ. ಬುಕ್‌ಮಾರ್ಕ್ ಒತ್ತಿ ನೋಡ್ತೀನಿ. ಸರಿಯಾದ ಪುಟಕ್ಕೆ ಹೋದ್ರೆ ಒಂದು ಟಿಕ್. ನನ್ನ ಅಂಗಡಿಯಿಂದ ಹೋದ ಥೀಸಿಸ್ ಒಂದೂ ವಾಪಸ್ ಬಂದಿಲ್ಲ."

ಪುಟ ಪುಟಕ್ಕೂ ಅಚ್ಚುಕಟ್ಟಾದ ಪಟ್ಟಿ, ಕೊನೆಯ ಸಾಲಿನವರೆಗೂ ಕೆಂಪು ಟಿಕ್. ಕಟ್ಟಕಡೆಯ ಪಟ್ಟಿ ಸಂಶೋಧಕಿಯದು. ಹುಟ್ಟಿದ ಕೂಸನ್ನು ಆಸ್ಪತ್ರೆಯಲ್ಲೇ ಬಿಟ್ಟುಬರಬೇಕಾದ ಹೆಂಗಸರ ಬಗ್ಗೆ ಅವಳ ಪ್ರಬಂಧ. ನಾಲ್ಕು ಅಧ್ಯಾಯ ಟಿಕ್. ಐದನೆಯದರಲ್ಲಿ ಪ್ರಕರಣ ಒಂದರಿಂದ ಆರರವರೆಗೂ ಟಿಕ್. ಆಮೇಲೆ 'ಪ್ರಕರಣ ಏಳು: ಎರಡು ಬೆರಳಿಲ್ಲದ ಇಸ್ತ್ರಿಯವಳು' ಎಂದು ಬರೆದಿತ್ತು. ಅದರ ಮುಂದೆ ಟಿಕ್ ಇರಲಿಲ್ಲ. ಅಲ್ಲಿಂದ ಕೆಳಗೆ ಪುಟವೆಲ್ಲ ಖಾಲಿ.

ಒಂದು ಹತ್ತಕ್ಕೆ ಬಾಗಿಲಲ್ಲಿ ಹೆಂಗಸೊಬ್ಬಳು ಕಾಣಿಸಿಕೊಂಡಳು. ಐವತ್ತರ ಹತ್ತಿರದವಳು, ಕೈಯಲ್ಲಿ ಊಟದ ಕ್ಯಾರಿಯರ್. ಪೊಲೀಸರನ್ನು ಕಂಡು ಅಲ್ಲೇ ನಿಂತಳು.

"ಏನಾಯ್ತೋ?"

"ಏನಿಲ್ಲಕ್ಕ. ಇಟ್ಟು ಹೋಗು ನೀನು."

"ಬಿಸಿ ಇದ್ದಾಗ್ಲೇ ಉಣ್ಣು. ಮಧ್ಯಾಹ್ನದ ಪಾಳಿ ನಂದು, ಹೊತ್ತಾಯ್ತು." ಅವಳು ಕ್ಯಾರಿಯರನ್ನು ಎಡಗೈಯಿಂದ ಮೇಜಿನ ಮೇಲಿಟ್ಟಳು. ಆ ಕೈಯಲ್ಲಿ ಮೂರೇ ಬೆರಳಿದ್ದವು.

ಇನ್‌ಸ್ಪೆಕ್ಟರ್ ನೋಟ್‌ಬುಕ್ ಮುಚ್ಚಿದ. ಪಿಡಿಎಫ್ ಮಾಮ ಅವನ ಮುಖವನ್ನೇ ನೋಡುತ್ತಿದ್ದ.

ಎರಡೂವರೆಗೆ ಗೈಡ್ ಕೋಣೆಯಲ್ಲಿ ಕೂತು ಇನ್‌ಸ್ಪೆಕ್ಟರ್ ಪ್ರಕರಣ ಏಳನ್ನು ಓದಿದ. ಹೆಸರು ಬದಲಿಸಿತ್ತು, ಉಳಿದದ್ದೆಲ್ಲ ಇದ್ದ ಹಾಗೇ ಇತ್ತು. ಹತ್ತೊಂಬತ್ತನೆಯ ವಯಸ್ಸು, ಮದುವೆಯಾಗದ ಬಸಿರು. ದೂರದ ಚಿಕ್ಕಮ್ಮನ ಮನೆಯಲ್ಲಿ ಆರು ತಿಂಗಳು. ಹೆಣ್ಣು ಮಗು, ಮೂರು ದಿನ ಎದೆಹಾಲು. ಎರಡು ವರ್ಷ ಕಳೆದ ಮೇಲೆ ಮದುವೆ, ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ, ಇಸ್ತ್ರಿ ಯಂತ್ರಕ್ಕೆ ಸಿಕ್ಕ ಬೆರಳು. ಗಂಡನಿಗೂ ಇಬ್ಬರು ಗಂಡುಮಕ್ಕಳಿಗೂ ಏನೂ ಗೊತ್ತಿಲ್ಲ. ಅವನು ಆರು ಪುಟವನ್ನು ಎರಡು ಸಲ ಓದಿದ.

ಮೂರು ನಲವತ್ತಕ್ಕೆ ಠಾಣೆಯಲ್ಲಿ ವಿಚಾರಣೆ.

"ಅಕ್ಕನ ವಿಷಯ ನಿನಗೆ ಮೊದಲೇ ಗೊತ್ತಿತ್ತಾ?"

"ಆಗ ನನಗೆ ಹನ್ನೆರಡು ವರ್ಷ. ಚಿಕ್ಕಮ್ಮನ ಮನೆಯಿಂದ ವಾಪಸ್ ಬಂದವಳು ಅಡುಗೆಮನೆಯಲ್ಲಿ ಗೋಡೆ ಕಡೆ ತಿರುಗಿ ಅಳೋಳು. ಸೀರೆ ಎದೆ ಹತ್ರ ಒದ್ದೆ ಆಗಿರೋದು. ಆಮೇಲಾಮೇಲೆ ಅರ್ಥ ಆಯ್ತು. ಇವತ್ತಿನವರೆಗೂ ಬಾಯಿ ಬಿಟ್ಟಿಲ್ಲ."

"ಹೆಡ್ಡಿಂಗ್ ಬದಲಾಯಿಸಿ ಅಂತ ಆ ಹುಡುಗೀನ ಕೇಳಬಾರದಿತ್ತಾ?"

"ಕೇಳ್ದೆ ಸಾರ್. ಬೆರಳಿನ ವಿಷಯ ಬೇಡಮ್ಮ ಅಂದೆ. ಆಗಲ್ಲ ಮಾಮ, ಮಾತು ಕೊಟ್ಟಿದ್ದೀನಿ ಅಂದ್ಳು. ಯಾರಿಗೆ ಏನು ಮಾತೋ! ಪುಸ್ತಕ ಆದ್ರೆ ಕಪಾಟಲ್ಲಿ ಧೂಳು ತಿಂತಾ ಬಿದ್ದಿರುತ್ತೆ. ಇದು ಹಾಗಲ್ಲ. ಯೂನಿವರ್ಸಿಟಿಯವರು ಇಂಟರ್‌ನೆಟ್ಟಿಗೆ ಹಾಕ್ತಾರೆ, ನಾಳೆ ಊರೆಲ್ಲ ತೆರೆದು ನೋಡ್ಬಹುದು. ಪಕ್ಕದ ಪಟ್ಟೀಲಿ ಒಂದು ಸಲ ಒತ್ತಿದ್ರೆ ಸೀದಾ ನಮ್ಮಕ್ಕನ ಎದೆ ಮೇಲೇ ಹೋಗಿ ನಿಲ್ಲುತ್ತೆ. ಆ ದಾರೀನ ನನ್ನ ಕೈಯಾರೆ ನಾನೇ ಮಾಡಿಕೊಡ್ಲಾ?"

"ಆ ಹುಡುಗಿಯ ಆರು ವರ್ಷ?"

ಅವನು ತಲೆ ತಗ್ಗಿಸಿದ. "ಪೂರ್ತಿ ಅಳಿಸೋಕೆ ಕೈ ಬರ್ಲಿಲ್ಲ ಸಾರ್. ಪೆನ್‌ಡ್ರೈವ್ ಇದೆ. ಬೈಂಡಿಂಗ್ ಯಂತ್ರದ ಅಡೀಲಿ."

ನಾಲ್ಕು ಇಪ್ಪತ್ತಕ್ಕೆ ಇಬ್ಬರು ಪಂಚರ ಎದುರು ಪೆನ್‌ಡ್ರೈವ್ ಸಿಕ್ಕಿತು. ಅಂಗಡಿಯ ಹೊರಗೆ ಕಾಯುತ್ತಿದ್ದ ಸಂಶೋಧಕಿ ಎರಡೂ ಕೈ ಮುಂದೆ ಚಾಚಿದಳು. "ಕೊಡಿ ಸಾರ್, ನಲವತ್ತು ನಿಮಿಷ ಇದೆ. ಬುಕ್‌ಮಾರ್ಕ್ ನಾನೇ ಹೇಗೋ ಹಾಕ್ತೀನಿ."

ಇನ್‌ಸ್ಪೆಕ್ಟರ್ ಕೊಡಲಿಲ್ಲ. ಅದು ಮುದ್ದೆಮಾಲು, ಸಾಕ್ಷ್ಯ. ಪೊಲೀಸರ ಕೈಯಲ್ಲಿ ಅದು ಒಮ್ಮೆ ತೆರೆದರೂ ತೆರೆದ ದಿನಾಂಕ ಬದಲಾಗುತ್ತದೆ, ನಾಳೆ ವಕೀಲ ಕೇಸನ್ನೇ ಬುಡಮೇಲು ಮಾಡುತ್ತಾನೆ. ಅವನು ನ್ಯಾಯಾಲಯದ ಕಚೇರಿಗೆ ಫೋನ್ ಮಾಡಿದ. ಅರ್ಜಿ ಹಾಕಿ, ವಾರದ ಮೇಲೆ ವಿಚಾರಣೆ ಎಂದರು. ವಿಶ್ವವಿದ್ಯಾಲಯಕ್ಕೂ ಮಾಡಿದ. ನಮ್ಮ ಕೈಯಲ್ಲಿ ಏನಿದೆ ಸಾರ್, ಐದಕ್ಕೆ ಸಲ್ಲಿಸೋ ವೆಬ್‌ಸೈಟು ತಾನೇ ಮುಚ್ಚಿಕೊಳ್ಳುತ್ತೆ ಎಂದರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ಇವತ್ತು ಆ ಪೂಜಾರಿ ತಾನೇ ಆಗಿದ್ದ.

"ಸಾರ್, ಒಂದು ಕಾಪಿ ಮಾಡಿ ಕೊಟ್ಬಿಡೋಣ. ಯಾರಿಗೆ ಗೊತ್ತಾಗುತ್ತೆ?" ದಫೇದಾರ ಪಿಸುಗುಟ್ಟಿದ.

"ಅರಗು ಕಾಯ್ಸು," ಎಂದ ಇನ್‌ಸ್ಪೆಕ್ಟರ್.

ನಾಲ್ಕು ಐವತ್ತೆರಡಕ್ಕೆ ಲಕೋಟೆಗೆ ಮುದ್ರೆ ಬಿತ್ತು. ಪಂಚನಾಮೆಗೆ ದೂರುದಾರಳೂ ಸಹಿ ಹಾಕಿದಳು. ಆಮೇಲೆ ಹೋಗಿ ಅಂಗಡಿಯ ಮೆಟ್ಟಿಲ ಮೇಲೆ ಕೂತಳು. ಐದು ಹತ್ತಕ್ಕೆ ಪಿಡಿಎಫ್ ಮಾಮನ ಬಂಧನವಾಯಿತು. ಅವಳು ಅಲ್ಲೇ ಕೂತಿದ್ದಳು.

ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಅಕ್ಕ ಕ್ಯಾರಿಯರ್ ಹಿಡಿದು ಠಾಣೆಗೆ ಬಂದಳು.

"ನನ್ನ ತಮ್ಮ ಏನು ಮಾಡ್ದ ಸಾರ್? ಕೇಳಿದ್ರೆ ಮುಖ ತಿರುಗಿಸ್ತಾನೆ."

"ಒಂದು ಥೀಸಿಸ್ ಅಳಿಸಿದ್ದಾನೆ. ಆಸ್ಪತ್ರೆಯಲ್ಲಿ ಕೂಸು ಬಿಟ್ಟವರ ಬಗ್ಗೆ."

ಅವಳು ಬೆಂಚಿನ ಮೇಲೆ ಕೂತಳು. ಸೆರಗಿನ ಅಂಚು ತಿರುವುತ್ತಾ ಮೆಲ್ಲಗೆ ಹೇಳಿದಳು. "ಆ ಹುಡುಗಿ ನಾಲ್ಕು ಸಲ ಬಂದು ನನ್ನ ಮಾತಾಡಿಸಿದ್ಳು. ಹೆಸರು ಬದಲಾಯಿಸ್ತೀನಿ ಅಂದ್ಳು. ಹಾಗಾದ್ರೆ ನನ್ನ ಮಗಳು ಎಂದಾದ್ರೂ ಹುಡುಕ್ಕೊಂಡು ಬಂದ್ರೆ ಗುರುತು ಹಿಡಿಯೋದು ಹೇಗೆ ಅಂತ ಕೇಳ್ದೆ. ಈಗ ಅವಳಿಗೆ ಇಪ್ಪತ್ತೊಂಬತ್ತು. ಅದನ್ನ ಓದಿ ಬಂದವಳು ಈ ಕೈ ನೋಡಿ ನಾನೇ ಅಂತ ತಿಳ್ಕೋಬೇಕು, ಬೆರಳಿನ ವಿಷಯ ಎಲ್ಲರಿಗೂ ಕಾಣೋ ಹಾಗೆ ಮೇಲೇ ಹಾಕು ಅಂತ ನಾನೇ ಮಾತು ತಗೊಂಡೆ. ಒತ್ತಿದ್ರೆ ಸೀದಾ ನನ್ನ ಹತ್ರ ಬರುತ್ತೆ ಅಂದಿದ್ಳು."

"ಮನೆಯವರಿಗೆ ಗೊತ್ತಾಗುತ್ತೆ ಅಂತ ಯೋಚನೆ ಮಾಡ್ಲಿಲ್ವಾ?"

"ಬೈತಾರೆ. ಬೈಸ್ಕೊಂಡ್ರಾಯ್ತು."

"ತಮ್ಮನಿಗಾದ್ರೂ ಒಂದು ಮಾತು ಹೇಳಬಾರದಿತ್ತಾಮ್ಮ?"

"ಅವನಿಗೆ ಗೊತ್ತಿದೆ ಅಂತ ನನಗೆ ಗೊತ್ತಿದ್ರೆ ತಾನೇ ಸಾರ್?"

ಇನ್‌ಸ್ಪೆಕ್ಟರ್ ಅವಳ ಹೇಳಿಕೆ ಬರೆದುಕೊಳ್ಳಲು ಹಾಳೆ ಎಳೆದುಕೊಂಡ. ಅವಳೇ ಕೇಳಿದಳು. "ನಿಮ್ಮ ಕೋರ್ಟ್ ಕಾಗದದಲ್ಲಿ ನನ್ನ ವಿಷಯ ಬರುತ್ತಾ?"

"ಬರುತ್ತಮ್ಮ. ಬೇರೆ ದಾರಿಯಿಲ್ಲ. ಆದ್ರೆ ಹೆದರಬೇಡಿ, ವಕೀಲರು, ನ್ಯಾಯಾಧೀಶರು ಬಿಟ್ಟು ಯಾರೂ ನೋಡಲ್ಲ."

"ಯಾರೂ ನೋಡಲ್ವಾ?" ಅವಳು ಎದ್ದಳು. "ಹಾಗಾದ್ರೆ ಏನು ಬಂತು."

ಹದಿನೆಂಟನೆಯ ದಿನ ದೋಷಾರೋಪ ಪಟ್ಟಿ ಸಿದ್ಧವಾಯಿತು. ಅಷ್ಟರಲ್ಲಿ ಸಂಶೋಧಕಿಯ ನೋಂದಣಿ ರದ್ದಾಗಿ ಪತ್ರ ಬಂದಿತ್ತು. ಪೆನ್‌ಡ್ರೈವ್ ಕೊಡಿ ಎಂದು ಅವಳು ಹಾಕಿದ ಅರ್ಜಿಗೆ ಇನ್ನೂ ದಿನಾಂಕ ಸಿಕ್ಕಿರಲಿಲ್ಲ. ಉದ್ದೇಶ ಎಂಬ ಕಾಲಮ್ಮಿನಲ್ಲಿ ಇನ್‌ಸ್ಪೆಕ್ಟರ್ 'ಅಕ್ಕನ ಮಾನ ಕಾಪಾಡುವುದು' ಎಂದು ಬರೆದಿದ್ದ. ಅದು ಸುಳ್ಳಲ್ಲ. ಅದರ ಕೆಳಗೆ ಅಕ್ಕನ ಹೇಳಿಕೆಯನ್ನು ಲಗತ್ತಿಸಿದ್ದ. ಅದೂ ಸುಳ್ಳಲ್ಲ.

ನ್ಯಾಯಾಲಯವೂ ಈಗ ಬುಕ್‌ಮಾರ್ಕ್ ಹಾಕಿದ ಪಿಡಿಎಫ್ ಅನ್ನೇ ಕೇಳುತ್ತದೆ. ದಫೇದಾರ ಪಿಡಿಎಫ್ ಮಾಮನ ನೋಟ್‌ಬುಕ್ ನೋಡಿ ಕಲಿತಿದ್ದ. ಹಾಳೆಯ ಮೇಲೆ ಪಟ್ಟಿ ಬರೆದುಕೊಂಡು ಒಂದೊಂದನ್ನೇ ಒತ್ತಿ ನೋಡಿ ಟಿಕ್ ಹಾಕುತ್ತಿದ್ದ. ಅನುಬಂಧ ಏಳಕ್ಕೆ, ಅಂದರೆ ಅಕ್ಕನ ಹೇಳಿಕೆಗೆ ಬಂದಾಗ ತಲೆ ಎತ್ತಿದ.

"ಇದಕ್ಕೆ ಬರೀ ನಂಬರ್ ಹಾಕ್ಲಾ ಸಾರ್, ಹೆಸರು ಬೇಡ ಅಲ್ವಾ?"

"ಪೂರ್ತಿ ಹಾಕು. ಎರಡು ಬೆರಳಿಲ್ಲದ ಇಸ್ತ್ರಿಯವಳು."

ದಫೇದಾರ ಟೈಪ್ ಮಾಡಿ ಅದರ ಮೇಲೆ ಒತ್ತಿದ. ಪುಟ ಸೀದಾ ಅಲ್ಲಿಗೇ ಹೋಗಿ ನಿಂತಿತು. ಇನ್‌ಸ್ಪೆಕ್ಟರ್ ಅವನ ಕೈಯಿಂದ ಕೆಂಪು ಪೆನ್ನು ತೆಗೆದುಕೊಂಡು ಏಳನೆಯ ಸಾಲಿನ ಮುಂದೆ ತಾನೇ ಟಿಕ್ ಹಾಕಿದ.