ಆರನೇ ದಿನ ನಿಂತ ಟೈಮರ್

ಪಕ್ಕದ ಮನೆಯವರು ಬೀಗದ ಕೈಯನ್ನು ನನ್ನ ಅಂಗೈಯಲ್ಲಿಟ್ಟಾಗ ಒಳಗೊಳಗೇ ಹಿಗ್ಗಿದೆ. ಮರುಕ್ಷಣವೇ ಅವರು ತಣ್ಣೀರೆರಚಿದರು.

"ನೀವೇನೂ ಮಾಡೋದು ಬೇಡ. ಎಲ್ಲಾ ಟೈಮರ್ ನೋಡ್ಕೊಳ್ಳುತ್ತೆ."

ಅವರು ಸೇತುವೆಗಳ ಬಿರುಕು ಪರೀಕ್ಷಿಸುವ ಇಂಜಿನಿಯರ್. ಒಂದೂವರೆ ತಿಂಗಳು ದೂರದ ಊರಿನಲ್ಲಿ ಕೆಲಸ. ಹಿತ್ತಿಲಲ್ಲಿ ಅವರ ಅಕ್ಕ ಮದುವೆಯಾಗಿ ಹೋಗುವ ಮುಂಚೆ ನೆಟ್ಟ ಮೂರು ಪಾತಿಗಳಿವೆ. ಡೈಸಿ, ಲಿಲ್ಲಿ, ಲ್ಯಾವೆಂಡರ್. ವರ್ಷ ವರ್ಷ ಹಳೇ ಬೇರಿನಿಂದಲೇ ಚಿಗುರುವ ಗಿಡಗಳು. ಪಾತಿಯ ಉದ್ದಕ್ಕೂ ತೂತಿನ ಪೈಪು ಎಳೆದು, ಮೇಲೆ ಒಣ ಎಲೆ ಹರಡಿ, ನಲ್ಲಿಗೆ ಟೈಮರ್ ಸಿಕ್ಕಿಸಿದ್ದರು. ವಾರಕ್ಕೆ ಎರಡೇ ಸಲ, ಒಂದೊಂದು ಗಂಟೆ ನೀರು.

"ಹಾಗಾದ್ರೆ ಕೀ ನನಗ್ಯಾಕೆ?"

"ಅದು ಓಡ್ತಿದೆಯಾ ಅಂತ ಆಗಾಗ ನೋಡಿ. ಗಡಿಯಾರ ರಿಪೇರಿ ಮಾಡೋರಿಗೆ ಅದೇನು ದೊಡ್ಡ ವಿಷಯ?"

ನಕ್ಕರು. ನಗುವಾಗ ಅವರ ಎಡಗಣ್ಣು ಬಲಗಣ್ಣಿಗಿಂತ ಕೊಂಚ ಮೊದಲು ಮುಚ್ಚುತ್ತದೆ. ಅಷ್ಟು ಸಣ್ಣ ವ್ಯತ್ಯಾಸ ಬೇರೆಯವರಿಗೆ ಕಾಣದು. ನನ್ನ ಕಸುಬೇ ಅದು.

ಹೊರಡುವಾಗ ಗೇಟಿನ ಹತ್ತಿರ ನಿಂತು ಅಂದರು: "ಆಫೀಸಿನವರು ಅಲ್ಲೇ ಎರಡು ವರ್ಷ ಇರಿ ಅಂತಿದಾರೆ. ನಾನಿಲ್ದೆ ಈ ಗಿಡಗಳು ಬದುಕಿದ್ರೆ ಒಪ್ಕೊಂಡುಬಿಡ್ತೀನಿ. ಇವನ್ನ ಬಿಟ್ರೆ ಇಲ್ಲಿ ನನ್ನ ಕಾಯೋರು ಯಾರಿದಾರೆ?"

ನಾನಿದ್ದೇನಲ್ಲ ಅನ್ನುವ ಬದಲು ಗೇಟಿನ ಚಿಲಕ ಹಾಕಿಕೊಂಡೆ.

ಆರನೇ ದಿನ ಟೈಮರ್ ನಿಂತುಹೋಯಿತು. ಬಿಚ್ಚಿ ನೋಡಿದೆ. ಒಂದು ಹಲ್ಲುಚಕ್ರ ಸಿಕ್ಕಿಕೊಂಡಿತ್ತು, ಹತ್ತು ನಿಮಿಷದ ಕೆಲಸ. ಮತ್ತೆ ಮುಚ್ಚಿ ಇದ್ದಲ್ಲೇ ಸಿಕ್ಕಿಸಿ ಬಂದೆ.

ಯಾಕೆ ಅಂದರೆ, ನನ್ನ ಮನೆಯಲ್ಲಿ ಹನ್ನೊಂದು ಗಡಿಯಾರಗಳಿವೆ, ಮಾತಾಡುವವರು ಒಬ್ಬರೂ ಇಲ್ಲ. ಕೆಳಗೆ ಅಂಗಡಿ, ಮೇಲೆ ಒಂದು ಕೋಣೆ. ಅಪ್ಪ ಹೋದ ಮೇಲೆ ಅವರ ಕನ್ನಡಕವನ್ನು ಮೇಜಿನ ಮೇಲಿಂದ ಎತ್ತಿಡಲೂ ನನಗೆ ಮನಸ್ಸಾಗಿಲ್ಲ. ಮೂವತ್ತೊಂಬತ್ತು ವರ್ಷದ ಹೆಂಗಸಿಗೆ ಬೆಳಿಗ್ಗೆ ಎದ್ದು ಹೋಗಲು ಒಂದು ಜಾಗ ಸಿಕ್ಕಿತ್ತು. ಅದನ್ನು ನನ್ನ ಕೈಯಾರೆ ರಿಪೇರಿ ಮಾಡಿ ಕಳೆದುಕೊಳ್ಳಬೇಕಿತ್ತೇ?

ದಿನಾ ಆರು ಗಂಟೆಗೆ ಬಕೆಟ್ ಹಿಡಿದು ಹೋಗುತ್ತಿದ್ದೆ. ಒಂದೊಂದು ಗಿಡದ ಪಕ್ಕವೂ ಎರಡನೇ ಗೆಣ್ಣಿನವರೆಗೆ ಬೆರಳಿಳಿಸಿ ಮಣ್ಣು ಮುಟ್ಟಿ ನೋಡುವೆ. ಒದ್ದೆ ಇದ್ದರೂ ಒಂದು ಮಗ್ ನೀರು ಹಾಕುವೆ. ಹಾಕುತ್ತಾ ಅವರ ಮೇಲೆ ಅವರದೇ ಗಿಡಗಳ ಹತ್ತಿರ ಚಾಡಿ ಹೇಳುವೆ.

ಭಾನುವಾರ ಅವರ ಫೋನ್ ಬರುತ್ತಿತ್ತು.

"ಟೈಮರ್?"

"ಓಡ್ತಿದೆ."

"ನೀವು?"

"ನಾನೂ ಓಡ್ತಿದೀನಿ."

ಐದನೇ ಭಾನುವಾರ ಅವರ ದನಿ ಇಳಿದಿತ್ತು. "ಅಂದ್ರೆ ಗಿಡಗಳಿಗೂ ನಾನು ಬೇಕಿಲ್ಲ ಅಂತಾಯ್ತು. ಬಂದು ಮನೆ ಖಾಲಿ ಮಾಡಿ, ಆ ಎರಡು ವರ್ಷಕ್ಕೆ ಸಹಿ ಹಾಕಿಬಿಡ್ತೀನಿ."

ನನ್ನ ಕಾಲ ಮೇಲೆ ನಾನೇ ಕಲ್ಲು ಎತ್ತಿಹಾಕಿಕೊಂಡಿದ್ದೆ. ಟೈಮರ್ ಕೆಟ್ಟಿದೆ ಅನ್ನಬಹುದಿತ್ತು. ಅಂದರೆ, ಯಾಕೆ ಸರಿ ಮಾಡಲಿಲ್ಲ ಅಂತ ಕೇಳುತ್ತಾರೆ. ಫೋನ್ ಇಟ್ಟು ಬಹಳ ಹೊತ್ತು ಅಪ್ಪನ ಕನ್ನಡಕ ಒರೆಸುತ್ತಾ ಕೂತೆ.

ಕೆಲಸ ಮುಗಿಸಿ ಬಂದವರು ಬ್ಯಾಗನ್ನೂ ಇಳಿಸದೆ ಹಿತ್ತಿಲಿಗೆ ಹೋಗಿ ಮಂಡಿಯೂರಿದರು. ಎಲೆಗಳ ಮಧ್ಯೆ, ಪ್ರತಿ ಗಿಡದ ಪಕ್ಕ, ಸಣ್ಣ ಸಣ್ಣ ತೂತು.

"ಏನಿದು, ಇಲಿ ಕಾಟಾನಾ?"

"ಇಲಿ ಅಲ್ಲ. ನಾನು."

ತಮ್ಮ ಬೆರಳನ್ನು ಒಂದು ತೂತಿಗಿಳಿಸಲು ನೋಡಿದರು. ಅವರ ಬೆರಳು ದಪ್ಪ, ಇಳಿಯಲಿಲ್ಲ. ನಲ್ಲಿಯಲ್ಲಿ ನಿಂತಿದ್ದ ಟೈಮರ್ ನೋಡಿದರು, ಆಮೇಲೆ ನನ್ನ ಕೈ ನೋಡಿದರು. ಉಗುರಿನ ಸಂದಿಯ ಮಣ್ಣನ್ನು ಸೆರಗಿನಲ್ಲಿ ಮುಚ್ಚಿಕೊಂಡೆ.

"ಯಾವತ್ತು ಕೆಟ್ಟಿದ್ದು?"

"ನೀವು ಹೋದ ಆರನೇ ದಿನ."

"ಸರಿ ಮಾಡೋಕೆ ಎಷ್ಟು ಹೊತ್ತು ಬೇಕಿತ್ತು?"

"ಹತ್ತು ನಿಮಿಷ."

ಅವರು ಡೈಸಿಯ ಬುಡದ ಮಣ್ಣನ್ನು ಮೆಲ್ಲಗೆ ಸರಿಸಿದರು. ಬಿಳೀ ಎಳೆ ಬೇರುಗಳು ಮೇಲೆಯೇ ಹೆಣೆದುಕೊಂಡಿದ್ದವು.

"ದಿನಾ ಚೂರು ಚೂರು ನೀರು ಸಿಕ್ರೆ ಬೇರು ಆಳಕ್ಕೆ ಇಳಿಯಲ್ಲ ಕಣ್ರೀ, ಮೇಲಕ್ಕೇ ಬರುತ್ತೆ. ಅದಕ್ಕೇ ವಾರಕ್ಕೆ ಎರಡೇ ಸಲ ಇಟ್ಟಿದ್ದೆ. ಈಗ ಎರಡು ದಿನ ಯಾರೂ ಬರದಿದ್ರೂ ಇವು ಬಾಡ್ತವೆ."

ನನ್ನ ಕಣ್ಣು ತುಂಬಿ ಬಂತು. "ಹಾಳು ಮಾಡಿಬಿಟ್ಟೆ."

"ಹೂಂ. ಮುದ್ದು ಮಾಡಿ ಹಾಳು ಮಾಡಿದೀರ."

"ನನ್ನ ಕಥೆಯೂ ಅದೇ," ಅಂದೆ. "ವಾರಕ್ಕೊಂದು ಫೋನ್ ಬರ್ತಿತ್ತಲ್ಲ, ಅದಿಲ್ದೆ ಇರೋಕೆ ಇನ್ನು ನನ್ನ ಕೈಲಾಗಲ್ಲ. ಟೈಮರ್ ಸರಿ ಮಾಡಿದ್ರೆ ಇಲ್ಲಿಗೆ ಬರೋಕೆ ನೆಪ ಇರ್ತಿರ್ಲಿಲ್ಲ. ಹೋಗ್ಬೇಡಿ ಅಂತ ಆವತ್ತೇ ಗೇಟ್ ಹತ್ರ ಹೇಳ್ಬೇಕಿತ್ತು. ಈಗ ಹೇಳ್ತಿದೀನಿ."

ಅವರು ಎದ್ದು ಕೈ ತೊಳೆದುಕೊಂಡರು. ನಲ್ಲಿಯಿಂದ ಟೈಮರ್ ಬಿಚ್ಚಿ ಅಂಗಿಗೆ ಒರೆಸಿ ನನ್ನ ಮುಂದೆ ಹಿಡಿದರು.

"ರಿಪೇರಿ ಮಾಡಿಕೊಡಿ."

ಅಂದರೆ ಹೊರಟೇಬಿಡುತ್ತಾರೆ. ಅಂಗಡಿಯ ದನಿ ತಂದುಕೊಂಡು ಕೇಳಿದೆ: "ಯಾವಾಗ ಬೇಕು?"

"ಅವಸರ ಇಲ್ಲ. ನಾನೆಲ್ಲೂ ಹೋಗ್ತಿಲ್ಲ. ದಿನಾ ಸಂಜೆ ಬಂದು, ಆಯ್ತಾ ಅಂತ ಕೇಳ್ತೀನಿ."

"ಆಗಿಲ್ಲ ಅಂದ್ರೆ?"

"ಮಾರನೇ ದಿನ ಮತ್ತೆ ಬರ್ತೀನಿ."

ಎಡಗಣ್ಣು ಮೊದಲು ಮುಚ್ಚಿತು.

ಆ ಟೈಮರ್ ಇವತ್ತಿಗೂ ನನ್ನ ಮೇಜಿನ ಮೇಲೆ, ಅಪ್ಪನ ಕನ್ನಡಕದ ಪಕ್ಕದಲ್ಲಿ, ರಿಪೇರಿಯಾಗದೆ ಕೂತಿದೆ.